ಧನು ತಿಂಗಳ ಓರೆ ಬಿಸಿಲು

ಕಾಸರಗೋಡಿನ ನಮ್ಮ ಪೆರ್ಲದ ಕಡೆ ಚಳಿ ಅಂದರೆ ಬೆಳಗ್ಗೆ ಸ್ವಲ್ಪ ಮಂಜು, ಅಷ್ಟೇ. ಘಟ್ಟದ ಮೇಲಿನವರು ಕೇಳಿದರೆ ನಕ್ಕಾರು. ಮಳೆ ಹೋಯಿತು, ಅಡಿಕೆಗೆ ಕೊಳೆರೋಗದ ಭಯವೂ ಹೋಯಿತು. ಇನ್ನು ಅಡಿಕೆ ಕೊಯ್ದು ಒಣಗಿಸುವ ಕಾಲ. ಆದರೆ ಈ ಕಾಲದಲ್ಲಿ ನನಗೆ ಜಾಸ್ತಿ ಕೆಲಸ ಕೊಡುವುದು ಬಿಸಿಲು.

ಚಾಲಿ (ಸಿಪ್ಪೆ ಸಮೇತ ಒಣಗಿಸಿ ಸುಲಿದ ಅಡಿಕೆ) ಆಗಬೇಕಾದರೆ ಹಣ್ಣಡಿಕೆ ಒಳ್ಳೆಯ ಬಿಸಿಲಿಗೆ 35ರಿಂದ 45 ದಿನ ಒಣಗಬೇಕು. ಅಂಗಳವೇನೋ ದೊಡ್ಡದೇ ಉಂಟು. ಆದರೆ ಕಾಸರಗೋಡಿನಲ್ಲಿ ಸೂರ್ಯ ನೆತ್ತಿ ಮೇಲೆ ಬರುವುದು ಏಪ್ರಿಲ್ ಕೊನೆಗೆ, ಮತ್ತೆ ಆಗಸ್ಟಿನಲ್ಲಿ. ಡಿಸೆಂಬರಿನಲ್ಲಿ ನಡು ಮಧ್ಯಾಹ್ನವೂ ದಕ್ಷಿಣಕ್ಕೆ ವಾಲಿರುತ್ತಾನೆ. ಆಗ 50 ಅಡಿ ಎತ್ತರದ ತೆಂಗಿನ ನೆರಳು ಸುಮಾರು 36 ಅಡಿ ಉದ್ದ ಬೀಳುತ್ತದೆ. ನಮ್ಮ ಅಂಗಳದ ದಕ್ಷಿಣಕ್ಕೆ ತೆಂಗಿನ ಸಾಲು. ಮಳೆಗಾಲ ಮುಗಿದಾಗ ಬಿಸಿಲು ಬೀಳುತ್ತಿದ್ದ ಜಾಗದಲ್ಲಿ ಧನು ತಿಂಗಳಲ್ಲಿ ಅರ್ಧ ದಿನ ನೆರಳು. ಕಡಿಯೋಣ ಅಂದರೆ ಅಮ್ಮ ಬಿಡುವುದಿಲ್ಲ. ಕಾಯಿ ಕೊಡುವ ಮರ ಅಲ್ವಾ!

ಹಾಗಾಗಿ ಹೊಸ ಕೊಯ್ಲಿನ ಅಡಿಕೆಯನ್ನು ಅಂಗಳದ ಉತ್ತರ ತುದಿಗೆ, ತಾರಸಿಗೆ ಹರಡುತ್ತೇನೆ. ಅರ್ಧ ಒಣಗಿದ್ದು ನೆರಳಿನ ಕಡೆಗೆ. ಒಂದೇ ಪದರ, ಆಗಾಗ ಮಗುಚಬೇಕು. ರಾಶಿಯಾಗಿ ಬಿದ್ದರೆ ಬೂಸ್ಟು ಖಂಡಿತ. ರಾತ್ರಿ ಟಾರ್ಪಾಲು ಮುಚ್ಚಿದರೆ ಮೇಲಿನ ಮಂಜು ತಪ್ಪುತ್ತದೆ, ಆದರೆ ಅಡಿಕೆಯದ್ದೇ ಹಬೆ ಒಳಗಡೆ ಹನಿಯಾಗುತ್ತದೆ. ಅದಕ್ಕೆ ಕೆಳಗೆ ಬಿದಿರು ಕೊಟ್ಟು ಟಾರ್ಪಾಲು ಎತ್ತರಿಸಿ, ಎರಡು ತುದಿ ತೆರೆದಿಡುತ್ತೇನೆ. ಡಿಸೆಂಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಇಲ್ಲಿಗೂ ಮಳೆ ಬರುವುದುಂಟು. ಆಗ ಮನೆಮಂದಿಯೆಲ್ಲ ಅಂಗಳಕ್ಕೆ!

ಅಂಗಳದಲ್ಲಿ ಸಾಕಾಗದ ಇದೇ ಬಿಸಿಲು ತೋಟದಲ್ಲಿ ಮರ ಸುಡುತ್ತದೆ. ನೈಋತ್ಯದ ಅಂಚಿನ ಅಡಿಕೆ ಮರಗಳ ಕಾಂಡಕ್ಕೆ ಮಧ್ಯಾಹ್ನದ ಮೇಲೆ ಓರೆ ಬಿಸಿಲು ನೇರ ಬಡಿಯುತ್ತದೆ. ಮೊದಲು ಹಳದಿ ಮಚ್ಚೆ, ಆಮೇಲೆ ಕಂದು, ಆಮೇಲೆ ಬಿರುಕು. ಮರ ಸಾಯುವುದಿಲ್ಲ, ಫಸಲೂ ಕೊಡುತ್ತಿರುತ್ತದೆ. ವರ್ಷಗಳ ನಂತರ ಒಂದು ಗಾಳಿಗೆ ಸರಿಯಾಗಿ ಆ ಬಿರುಕಿನಲ್ಲೇ ಮುರಿಯುತ್ತದೆ. ಗಾಳಿಗೆ ಬಿತ್ತು ಅಂತ ಹೇಳಿ ಸುಮ್ನೆ ಬಿಡುತ್ತೇವೆ.

ಹೊಸದಾಗಿ ನೆಡುವವರು ಸಾಲನ್ನು ನೇರ ಉತ್ತರ–ದಕ್ಷಿಣ ಇಡದೆ 35 ಡಿಗ್ರಿ ಪಶ್ಚಿಮಕ್ಕೆ ವಾಲಿಸಿದರೆ ಈ ಸುಡುವಿಕೆ ಕಡಿಮೆ. ಅಜ್ಜ ನೆಟ್ಟ ತೋಟವನ್ನು ನಾನು ತಿರುಗಿಸುವುದು ಹೇಗೆ? ಒಣಗಿದ ಸೋಗೆಯನ್ನು ಕಾಂಡದ ಆ ಬದಿಗೆ ಕಟ್ಟುತ್ತೇನೆ. ಕೈಗೆ ಎಟಕುವಷ್ಟು ನಾನೇ, ಮೇಲಿನದ್ದು ಕೊಯ್ಲಿಗೆ ಮರ ಹತ್ತುವವರು. ಅವರಿಗೆ ಕೊಯ್ಲಿನದ್ದೇ ಪುರುಸೊತ್ತಿಲ್ಲದ ತಿಂಗಳು ಇದು. ಆದ್ದರಿಂದ ಈಗೀಗ ನವರಾತ್ರಿ ಕಳೆದ ಕೂಡಲೇ ಕಟ್ಟಿಸುತ್ತೇನೆ. ಎಳೆ ಗಿಡಗಳ ನೈಋತ್ಯಕ್ಕೆ ಬಾಳೆ ಇಟ್ಟಿದ್ದೇನೆ, ಅವುಗಳಿಗೆ ಅಷ್ಟು ನೆರಳು ಸಾಕು.