ಬಾಂದ್ರಾದಿಂದ ನನ್ನ ಡಿಕ್ರಿಯ ನಕಲು ತಂದದ್ದು

ವಿಚ್ಛೇದನಕ್ಕೆ ಸರ್ಟಿಫಿಕೇಟ್ ಎನ್ನುವುದು ನಮ್ಮ ದೇಶದಲ್ಲಿ ಇಲ್ಲ. ಹುಟ್ಟು, ಸಾವು, ಮದುವೆ ಮೂರನ್ನೂ ಮುಂಬೈ ಮಹಾನಗರಪಾಲಿಕೆ ನೋಂದಾಯಿಸುತ್ತದೆ. ಮದುವೆ ಮುರಿದದ್ದನ್ನು ಬರೆದಿಡುವ ಪುಸ್ತಕ ಮಾತ್ರ ಯಾವ ವಾರ್ಡ್ ಕಚೇರಿಯಲ್ಲೂ ಸಿಗುವುದಿಲ್ಲ. ಅದನ್ನು ಮುರಿದ ನ್ಯಾಯಾಲಯದ ಡಿಕ್ರಿ, ಅಂದರೆ ಕೊನೆಯ ಆಜ್ಞೆಯೇ ದಾಖಲೆ. ಆ ಡಿಕ್ರಿಯ ದೃಢೀಕೃತ ನಕಲನ್ನೇ ಜನ ಬಾಯಿಮಾತಿನಲ್ಲಿ ಡೈವೋರ್ಸ್ ಸರ್ಟಿಫಿಕೇಟ್ ಎನ್ನುತ್ತಾರೆ.

ನನ್ನ ಡಿಕ್ರಿ 1998ರದ್ದು. ಆಗ ನಾವಿದ್ದದ್ದು ಕುರ್ಲಾದಲ್ಲಿ, ನೆಲಮಹಡಿಯ ಮನೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದು ಮೀಠಿ ನದಿ ಊರೊಳಗೆ ನುಗ್ಗಿತಲ್ಲ, ಆ ನೀರಿನಲ್ಲಿ ಗೋದ್ರೇಜ್ ಕಪಾಟಿನ ಕೆಳಗಿನ ಖಾನೆಯ ಕಾಗದಗಳೆಲ್ಲ ಮುದ್ದೆಯಾದವು. ಮರುಮದುವೆಯ ಯೋಚನೆ ನನಗಿರಲಿಲ್ಲ, ಹಾಗಾಗಿ ಡಿಕ್ರಿಯನ್ನು ಯಾರೂ ಕೇಳಲಿಲ್ಲ, ನಾನೂ ಹುಡುಕಲಿಲ್ಲ. ಅಪ್ಪ ಕೇಂದ್ರ ಸರ್ಕಾರದ ನೌಕರರಾಗಿದ್ದವರು. ಅವರ ನಂತರ ಅಮ್ಮನಿಗೆ ಕುಟುಂಬ ಪಿಂಚಣಿ ಬರುತ್ತಿತ್ತು. ಅಮ್ಮ ಹೋದ ಮೇಲೆ, 25 ದಾಟಿದ ವಿಚ್ಛೇದಿತ ಮಗಳಿಗೂ ಆ ಪಿಂಚಣಿಯ ಹಕ್ಕುಂಟು ಎಂದು ಅಪ್ಪನ ಹಳೆಯ ಸಹೋದ್ಯೋಗಿಯೊಬ್ಬರು ತಿಳಿಸಿದರು. ಅವಳು ಮತ್ತೆ ಮದುವೆಯಾಗಿರಬಾರದು, ಅವಳ ಸ್ವಂತ ಆದಾಯ ತಿಂಗಳಿಗೆ 9,000 ರೂಪಾಯಿ ಮತ್ತು ಅದರ ಮೇಲಿನ ತುಟ್ಟಿಭತ್ಯೆಯಷ್ಟನ್ನು ಮುಟ್ಟಿರಬಾರದು. ಮೊದಲು ಕೇಳುವ ಕಾಗದ ಡಿಕ್ರಿ.

ಹುಡುಕಾಟ ಶುರುವಾಗುವುದು ಯಾವ ಕೋರ್ಟು ಎಂಬುದರಿಂದ. ಮುಂಬೈಯಲ್ಲಿ ಕೌಟುಂಬಿಕ ನ್ಯಾಯಾಲಯ ಶುರುವಾದದ್ದು 1989ರಲ್ಲಿ. ಈಗ ಅದು ಬಾಂದ್ರಾ ಪೂರ್ವದಲ್ಲಿ, ಬಾಂದ್ರಾ–ಕುರ್ಲಾ ಸಂಕೀರ್ಣದಲ್ಲಿದೆ. ಅದಕ್ಕೂ ಹಿಂದೆ ಹಿಂದೂ ವಿವಾಹ ಕಾಯ್ದೆಯ ಅರ್ಜಿಗಳು ದಕ್ಷಿಣ ಮುಂಬೈಯ ಫೋರ್ಟ್‌ನ ಸಿಟಿ ಸಿವಿಲ್ ಕೋರ್ಟಿನಲ್ಲಿ ನಡೆಯುತ್ತಿದ್ದವು. ಆದ್ದರಿಂದ ಅಕ್ಕನದೋ ಅತ್ತೆಯದೋ ಎಂಬತ್ತರ ದಶಕದ ಡಿಕ್ರಿ ಬೇಕಾದವರು ಫೋರ್ಟ್‌ನಲ್ಲೂ ವಿಚಾರಿಸಬೇಕು. ನಮ್ಮ ಕನ್ನಡಿಗರು ಇನ್ನೊಂದು ಕಡೆ ಎಡವುತ್ತಾರೆ. ಡೊಂಬಿವಿಲಿ, ಠಾಣೆ, ಭಾಯಂದರ್ ಎಲ್ಲವನ್ನೂ ನಾವು ಮಾತಿನಲ್ಲಿ ‘ಮುಂಬೈ’ ಎನ್ನುತ್ತೇವೆ. ಕೋರ್ಟಿನ ಲೆಕ್ಕದಲ್ಲಿ ಅವು ಬೇರೆ ಜಿಲ್ಲೆ. ಮದುವೆ ಉಡುಪಿಯಲ್ಲಿ ನಡೆದಿದ್ದರೆ, ಅರ್ಜಿ ಹಾಕಿದ್ದು ಉಡುಪಿಯಲ್ಲಿಯೂ ಆಗಿರಬಹುದು. ಮದುವೆ ನಡೆದ ಊರು, ಗಂಡ ಹೆಂಡತಿ ಕೊನೆಗೆ ಒಟ್ಟಿಗಿದ್ದ ಊರು, ಎದುರು ಪಕ್ಷದವರು ಇರುವ ಊರು, ಇವುಗಳಲ್ಲಿ ಎಲ್ಲಿ ಬೇಕಾದರೂ ಹಾಕಬಹುದು. 2003ರಿಂದ ಹೆಂಡತಿಗೆ ತಾನಿರುವ ಊರೂ ಸಾಕು. ಮಂಗಳೂರು ಕಡೆಯ ಕ್ರೈಸ್ತ ಗೆಳತಿಯರಿಗೆ ಒಂದು ಮಾತು: ಭಾರತೀಯ ವಿಚ್ಛೇದನ ಕಾಯ್ದೆಯ 2001ರ ತಿದ್ದುಪಡಿಗೆ ಮುಂಚೆ ಜಿಲ್ಲಾ ನ್ಯಾಯಾಲಯ ಕೊಟ್ಟ ವಿಚ್ಛೇದನವನ್ನು ಹೈಕೋರ್ಟ್ ಖಾಯಂ ಮಾಡಬೇಕಿತ್ತು, ಆ ಕಾಲದವರಿಗೆ ಹೈಕೋರ್ಟಿನ ಕಾಗದವೂ ಬೇಕಾಗುತ್ತದೆ. ಚರ್ಚ್ ಕೊಟ್ಟ ರದ್ದತಿಯ ಪತ್ರ ಸರ್ಕಾರಿ ಕಚೇರಿಯಲ್ಲಿ ನಡೆಯುವುದಿಲ್ಲ.

ಕೋರ್ಟು ಗೊತ್ತಾದ ಮೇಲೆ ಬೇಕಾದದ್ದು ಪ್ರಕರಣದ ಸಂಖ್ಯೆ ಮತ್ತು ವರ್ಷ. ಇದೇ ನಿಜವಾದ ಕೆಲಸ. ನನ್ನ ವಕೀಲರು ತೀರಿಕೊಂಡಿದ್ದರು, ಅವರ ಕಚೇರಿಯ ಕಡತಗಳು ಎಂದೋ ರದ್ದಿಗೆ ಹೋಗಿದ್ದವು. ಇ-ಕೋರ್ಟ್ಸ್ ಜಾಲತಾಣದಲ್ಲಿ ಪಕ್ಷಗಾರರ ಹೆಸರು, ವರ್ಷ ಹಾಕಿ, ಇತ್ಯರ್ಥವಾದ ಪ್ರಕರಣಗಳು ಎಂಬುದನ್ನು ಆರಿಸಿ ಹುಡುಕಬಹುದು, ದುಡ್ಡು ಕೊಡಬೇಕಿಲ್ಲ. ಈಚಿನ ಪ್ರಕರಣಗಳಿಗೆಲ್ಲ ಸಿಎನ್‌ಆರ್ ಎಂಬ ಹದಿನಾರು ಅಂಕಿ–ಅಕ್ಷರಗಳ ಗುರುತು ಇರುತ್ತದೆ, ಅದು ಕೈಯಲ್ಲಿದ್ದರೆ ಮೊಬೈಲಿನಲ್ಲೇ ಎಲ್ಲ ಕಾಣಿಸುತ್ತದೆ. ಹಳೆಯವಕ್ಕೆ ಆ ಭಾಗ್ಯವಿಲ್ಲ. ಅದರ ಮೇಲೆ ಹೆಸರಿನ ತಾಪತ್ರಯ. ಮುಂಬೈಯಲ್ಲಿ ಶೆಟ್ಟಿ ಎಂದು ಹುಡುಕಿದರೆ ಅರ್ಧ ದಕ್ಷಿಣ ಕನ್ನಡ ಜಿಲ್ಲೆಯೇ ಎದ್ದು ಬರುತ್ತದೆ. ಇಲ್ಲಿನ ಪದ್ಧತಿಯಂತೆ ಮದುವೆಯಾದವಳ ಹೆಸರಿನ ನಡುವೆ ಗಂಡನ ಹೆಸರನ್ನು ಸೇರಿಸುತ್ತಾರೆ, ನಾವು ಊರಿನಲ್ಲಿ ಬರೆಯುವ ಇನಿಶಿಯಲ್ ಇಲ್ಲಿ ಮಾಯ. ಇಂಗ್ಲಿಷ್ ಕಾಗುಣಿತವೂ ಟೈಪ್ ಮಾಡಿದವನ ಮರ್ಜಿ. ಹಾಗಾಗಿ ಅರ್ಜಿದಾರರ ಹೆಸರಿನಲ್ಲಿ ಸಿಗದಿದ್ದರೆ ಎದುರು ಪಕ್ಷದ ಹೆಸರಿನಲ್ಲಿ, ಪೂರ್ತಿ ಹೆಸರಿನ ಬದಲು ಮೊದಲ ಕೆಲವೇ ಅಕ್ಷರಗಳಲ್ಲಿ ಹುಡುಕಬೇಕು. ಪ್ರಕರಣ ಮುಗಿದ ವರ್ಷವಲ್ಲ, ದಾಖಲಾದ ವರ್ಷ ಹಾಕಬೇಕು.

ನನಗೆ ದಾರಿ ತೋರಿಸಿದ್ದು ಅಪ್ಪನ ಪಾಕೆಟ್ ಡೈರಿ. ಪ್ರತಿ ತಾರೀಖಿಗೂ ನನ್ನ ಜೊತೆ ಬರುತ್ತಿದ್ದ ಅವರು ಎಲ್ಲವನ್ನೂ ಬರೆದಿಡುತ್ತಿದ್ದರು. ಊರಿನ ಮನೆಯ ಅಟ್ಟದಲ್ಲಿದ್ದ ಟ್ರಂಕಿನಿಂದ ಹುಡುಕಿ ತೆಗೆದು ತಮ್ಮನ ಹೆಂಡತಿ ಫೋಟೋ ಕಳಿಸಿದಳು. ರಿಕ್ಷಾ ಬಾಡಿಗೆ, ಎರಡು ವಡಾಪಾವ್, ಟೈಪಿಂಗ್ ಖರ್ಚು, ಅದರ ಕೆಳಗೆ ನ್ಯಾಯಾಧೀಶರ ಕೋಣೆಯ ಸಂಖ್ಯೆ, ಮುಂದಿನ ತಾರೀಖು, ಪಕ್ಕದಲ್ಲಿ ‘ಎ’ ಎಂದು ಶುರುವಾಗುವ ಒಂದು ಸಂಖ್ಯೆ, ‘ಇ’ ಎಂದು ಶುರುವಾಗುವ ಇನ್ನೊಂದು. ಈ ಅಕ್ಷರಗಳು ಮುಖ್ಯ. ಇಲ್ಲಿನ ಕೌಟುಂಬಿಕ ನ್ಯಾಯಾಲಯದಲ್ಲಿ ತಕರಾರಿನ ವಿಚ್ಛೇದನ ಅರ್ಜಿ ‘ಎ’, ಪರಸ್ಪರ ಒಪ್ಪಿಗೆಯದು ‘ಎಫ್’, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನ (2024ರ ಜುಲೈಯಿಂದ ಅದರ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು ಬಂದಿದೆ) ಜೀವನಾಂಶದ್ದು ‘ಇ’. ‘ಇ’ ಸಂಖ್ಯೆಯ ಆದೇಶವನ್ನು ಎಷ್ಟು ಚೆನ್ನಾಗಿ ಲ್ಯಾಮಿನೇಟ್ ಮಾಡಿಸಿ ತೋರಿಸಿದರೂ ಅದು ವಿಚ್ಛೇದನದ ಪುರಾವೆಯಾಗುವುದಿಲ್ಲ. ಡೈರಿ ಇಟ್ಟ ಅಪ್ಪ ಎಲ್ಲರಿಗೂ ಇರುವುದಿಲ್ಲ. ಹಳೆಯ ಸಮನ್ಸ್, ಮಗುವಿನ ಪಾಸ್‌ಪೋರ್ಟಿಗೆ ಕೊಟ್ಟ ಜೆರಾಕ್ಸ್, ವಕೀಲರ ಶುಲ್ಕದ ರಸೀದಿ, ಎದುರು ಪಕ್ಷದ ವಕೀಲರ ಕಚೇರಿ, ಇವುಗಳಲ್ಲಿ ಎಲ್ಲಾದರೂ ಸಂಖ್ಯೆ ಇದ್ದೇ ಇರುತ್ತದೆ. ಏನೂ ಸಿಗದಿದ್ದರೆ ಇಬ್ಬರ ಹೆಸರು ಮತ್ತು ಅಂದಾಜು ವರ್ಷ ಕೊಟ್ಟು, ಕೋರ್ಟಿನ ಹಳೆಯ ರಿಜಿಸ್ಟರ್‌ಗಳಲ್ಲಿ ಹುಡುಕಿಕೊಡಿ ಎಂದು ಅರ್ಜಿ ಹಾಕಬೇಕು.

ನಕಲು ವಿಭಾಗದ ಗುಮಾಸ್ತರು ಮೊದಲು ಕೇಳಿದ್ದೂ ಅದನ್ನೇ: “ತಾಈ, ನಂಬರ್ ಸಾಂಗಾ” (ಅಕ್ಕ, ನಂಬರ್ ಹೇಳಿ). ಡೈರಿಯ ಫೋಟೋ ತೋರಿಸಿದೆ. ಕನ್ನಡ ಅಂಕಿಯಲ್ಲಿ ಬರೆದದ್ದನ್ನು ಕಂಡು ನಕ್ಕರು, ನಾನು ಓದಿ ಹೇಳಿದೆ. ಅರ್ಜಿಯ ನಮೂನೆ ಚಿಕ್ಕದು. ಪ್ರಕರಣದ ಸಂಖ್ಯೆ, ಇಬ್ಬರ ಹೆಸರು, ತೀರ್ಪಿನ ದಿನಾಂಕ, ಯಾವ ಯಾವ ಕಾಗದ ಬೇಕು, ಯಾತಕ್ಕೆ ಬೇಕು, ಇಷ್ಟು ತುಂಬಿ, ಕೋರ್ಟ್ ಫೀ ಸ್ಟ್ಯಾಂಪ್ ಅಂಟಿಸಿ, ಗುರುತಿನ ಚೀಟಿಯ ಪ್ರತಿ ಲಗತ್ತಿಸಬೇಕು. ನಕಲಿನ ಶುಲ್ಕವನ್ನು ಪುಟದ ಲೆಕ್ಕದಲ್ಲಿ ಹಾಕುತ್ತಾರೆ, ಅದು ಕೈ ಕಚ್ಚುವ ಮೊತ್ತವಲ್ಲ. ಯಾವ ಕೋರ್ಟಿನ ಹೊರಗೂ ‘ಎಲ್ಲ ನಾನೇ ಮಾಡಿಸುತ್ತೇನೆ’ ಎನ್ನುವ ಒಬ್ಬ ಇರುತ್ತಾನೆ. ಅವನು ಕೇಳುವ ಹಣಕ್ಕೂ ನಿಜವಾದ ಶುಲ್ಕಕ್ಕೂ ಸಂಬಂಧವಿಲ್ಲ, ಮಾಡುವುದು ಇದೇ ನಮೂನೆ ತುಂಬುವ ಕೆಲಸ. ಹಳೆಯ ಕಡತ ರೆಕಾರ್ಡ್ ರೂಮಿನಿಂದ ಬರಬೇಕಾದ್ದರಿಂದ ಕಾಯಬೇಕು. ಅರ್ಜಿಯ ಕ್ರಮಸಂಖ್ಯೆಯ ಚೀಟಿಯನ್ನು ಮಾತ್ರ ಕಳೆಯಬಾರದು.

‘ಯಾವ ಕಾಗದ’ ಎಂಬ ಖಾನೆಯನ್ನು ತುಂಬುವಾಗ ಜನ ಸುಮ್ಮನೆ ‘ಆರ್ಡರ್ ಕಾಪಿ’ ಎಂದು ಬರೆದುಬಿಡುತ್ತಾರೆ. ತೀರ್ಪು ಬೇರೆ, ಡಿಕ್ರಿ ಬೇರೆ. ತೀರ್ಪಿನಲ್ಲಿ ಯಾರು ಏನು ಆರೋಪಿಸಿದರು, ಸಾಕ್ಷಿ ಏನು ಹೇಳಿದ, ನ್ಯಾಯಾಧೀಶರು ಯಾಕೆ ನಂಬಿದರು ಎಂಬುದೆಲ್ಲ ಪುಟಗಟ್ಟಲೆ ಇರುತ್ತದೆ. ಡಿಕ್ರಿ ಎಂದರೆ ಇಂಥವರ ಮದುವೆ ಇಂಥ ದಿನದಿಂದ ರದ್ದಾಗಿದೆ ಎಂಬ ಫಲಿತಾಂಶ, ಹೆಚ್ಚೆಂದರೆ ಒಂದೆರಡು ಪುಟ. ನಾನು ಎರಡಕ್ಕೂ ಅರ್ಜಿ ಹಾಕಿದೆ, ಆದರೆ ಪಿಂಚಣಿಗೆ ಕೊಟ್ಟದ್ದು ಡಿಕ್ರಿ ಒಂದನ್ನೇ. ನನ್ನ ಸಂಸಾರದ ಹಳೆಯ ಜಗಳಗಳನ್ನು ಯಾವುದೋ ಕಚೇರಿಯ ಮೇಜಿನ ಮೇಲೆ ಚಹಾ ಕುಡಿಯುತ್ತಾ ಯಾರೂ ಓದಬೇಕಾಗಿಲ್ಲ. ಒಪ್ಪಿಗೆಯ ವಿಚ್ಛೇದನವಾಗಿದ್ದರೆ ಒಪ್ಪಂದದ ಷರತ್ತುಗಳ ನಕಲನ್ನೂ ಕೇಳಬೇಕು. ಫ್ಲ್ಯಾಟು ಯಾರಿಗೆ ಎಂಬುದು ಅದರಲ್ಲೇ ಇರುತ್ತದೆ, ಹೌಸಿಂಗ್ ಸೊಸೈಟಿ ನೋಡುವುದು ಅದನ್ನೇ. ಹಿಂದೂ ವಿವಾಹ ಕಾಯ್ದೆಯ 23ನೇ ಕಲಮಿನ ಪ್ರಕಾರ ಡಿಕ್ರಿಯ ಒಂದು ಪ್ರತಿಯನ್ನು ಇಬ್ಬರಿಗೂ ಉಚಿತವಾಗಿ ಕೊಡಬೇಕು. ಈಗಷ್ಟೇ ಪ್ರಕರಣ ಮುಗಿಸಿದವರು ಅದನ್ನು ಬಿಡದೆ ಪಡೆಯಲಿ, ಜೊತೆಗೆ ದುಡ್ಡು ಕೊಟ್ಟು ಇನ್ನೆರಡು ದೃಢೀಕೃತ ಪ್ರತಿಗಳನ್ನೂ ತೆಗೆದಿಡಲಿ.

ಕೈಗೆ ಬಂದ ನಕಲಿನ ಕೊನೆಯ ಪುಟವನ್ನು ಅಲ್ಲೇ ನಿಂತು ನೋಡಬೇಕು. ನನ್ನದರಲ್ಲಿ ನೇರಳೆ ಶಾಯಿಯ ಚೌಕದೊಳಗೆ ಅರ್ಜಿ ಕೊಟ್ಟ ದಿನ, ನಕಲು ಸಿದ್ಧವಾದ ದಿನ, ಕೈಗೆ ಕೊಟ್ಟ ದಿನ, ಪುಟಗಳ ಸಂಖ್ಯೆ, ಶುಲ್ಕ, ತಾಳೆ ನೋಡಿದವರ ಸಹಿ ಎಲ್ಲ ಇತ್ತು. ಮೇಲ್ಮನವಿ ಹಾಕುವವರಿಗೆ ಈ ದಿನಾಂಕಗಳೇ ಆಧಾರ, ಯಾಕೆಂದರೆ ನಕಲಿಗಾಗಿ ಹಿಡಿದ ಕಾಲವನ್ನು ಮೇಲ್ಮನವಿಯ ಗಡುವಿನಿಂದ ಕಳೆಯುತ್ತಾರೆ. ನಮ್ಮಂಥವರು ನೋಡಬೇಕಾದದ್ದು ಮುದ್ರೆ ಪ್ರತಿ ಪುಟದಲ್ಲೂ ಇದೆಯೇ, ಹೆಸರು ಆಧಾರ್‌ನಲ್ಲಿರುವಂತೆಯೇ ಇದೆಯೇ ಎಂದು. ನನ್ನ ಹೆಸರು ಡಿಕ್ರಿಯಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ ಇತ್ತು. ಇಬ್ಬರೂ ಒಬ್ಬಳೇ ಎಂದು ನೋಟರಿಯ ಮುಂದೆ ಅಫಿಡವಿಟ್ ಮಾಡಿಸಿ ಜೊತೆಗಿಟ್ಟೆ.

ಇದೆಲ್ಲ ಪಕ್ಷಗಾರರಿಗೆ. ಮೂರನೆಯವರಿಗೆ ಬಾಗಿಲು ಇಷ್ಟು ಸಲೀಸಾಗಿ ತೆರೆಯುವುದಿಲ್ಲ. ಸಂಬಂಧವೇನು, ಉದ್ದೇಶವೇನು ಎಂದು ಅಫಿಡವಿಟ್ ಕೊಟ್ಟು ಅನುಮತಿ ಪಡೆಯಬೇಕು. ಮಾಹಿತಿ ಹಕ್ಕಿನ ಅರ್ಜಿ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ನ್ಯಾಯಾಲಯದ ನಕಲನ್ನು ನ್ಯಾಯಾಲಯದ ನಿಯಮದ ಪ್ರಕಾರವೇ ಪಡೆಯಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎರಡನೆಯ ಸಂಬಂಧ ನೋಡುವವರು ಹುಡುಗನ ವಿಚ್ಛೇದನ ನಿಜವೇ ಎಂದು ಪತ್ತೆ ಮಾಡಿಕೊಡಿ ಎಂದು ನನ್ನನ್ನು ಈಗ ಕೇಳುತ್ತಾರೆ. ದೃಢೀಕೃತ ನಕಲು ತೋರಿಸು ಎಂದು ಹುಡುಗನನ್ನೇ ಕೇಳಿ, ಅದರಲ್ಲಿರುವ ಸಿಎನ್‌ಆರ್ ಹಾಕಿ ಮೊಬೈಲಿನಲ್ಲಿ ತಾಳೆ ನೋಡಿ ಎನ್ನುತ್ತೇನೆ. ತೋರಿಸಲು ಹಿಂಜರಿಯುವವನಿಗೆ ಹೆಣ್ಣು ಕೊಡುವುದು ಬೇಡ.

ಕಳೆದ ಮಳೆಗಾಲದಲ್ಲಿ ಡೊಂಬಿವಿಲಿಯ ಪರಿಚಯದ ಹುಡುಗಿಯೊಬ್ಬಳು, “ಅಕ್ಕ, ನನ್ನ ಡಿಕ್ರಿ ಬಂದದ್ದೇ ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ. ನನಗೆ ಪಿಂಚಣಿ ಸಿಗುವುದಿಲ್ಲವಂತೆ,” ಎಂದು ಫೋನ್ ಮಾಡಿದಳು. ಸಿಗುತ್ತದೆ. ತಂದೆ ಅಥವಾ ತಾಯಿ ಬದುಕಿದ್ದಾಗಲೇ ವಿಚ್ಛೇದನದ ಅರ್ಜಿ ದಾಖಲಾಗಿದ್ದರೆ ಸಾಕು, ಡಿಕ್ರಿ ಆಮೇಲೆ ಬಂದರೂ ಆ ದಿನದಿಂದ ಹಕ್ಕು ಹುಟ್ಟುತ್ತದೆ ಎಂದು 2017ರ ಜುಲೈಯಲ್ಲಿ ಕೇಂದ್ರ ಸರ್ಕಾರ ಆದೇಶ ಹೊರಡಿಸಿದೆ. ಅವಳಿಗೆ ಡಿಕ್ರಿಯೊಂದೇ ಸಾಲದು, ದಾಖಲಾದ ದಿನಾಂಕದ ಮೊಹರಿರುವ ಮೂಲ ಅರ್ಜಿಯ ದೃಢೀಕೃತ ನಕಲೂ ಬೇಕು. ಹಳೆಯ ಕಡತಗಳಲ್ಲಿ ತೀರ್ಪು, ಡಿಕ್ರಿ ಉಳಿಸಿ ಬೇರೆ ಕಾಗದಗಳನ್ನು ಅವಧಿ ಮುಗಿದ ಮೇಲೆ ನಾಶಮಾಡುವ ಪದ್ಧತಿ ಕೋರ್ಟುಗಳಲ್ಲಿ ಇರುವುದರಿಂದ ತಡಮಾಡಬೇಡ ಎಂದೆ. ಅವಳ ಪ್ರಕರಣ ನಡೆದದ್ದು ಕಲ್ಯಾಣದಲ್ಲಿ. ಅಲ್ಲಿಂದ ಎರಡೂ ನಕಲು ಬಂದವು, ಅರ್ಜಿ ಈಗ ಪಿಂಚಣಿ ಕಚೇರಿಯಲ್ಲಿದೆ.