ಅಡ್ವಾನ್ಸ್‌ನಲ್ಲಿ ಮುರಿದುಕೊಂಡ 77,000 ರೂಪಾಯಿ: ನನ್ನ ಅನುಭವ

2023ರ ಏಪ್ರಿಲ್‌ನಲ್ಲಿ ನಾಗರಬಾವಿಯ ಬಾಡಿಗೆ ಮನೆ ಖಾಲಿ ಮಾಡಿದೆ. ಗುಡಿಸಿ ಒರೆಸಿ, ಕರೆಂಟ್ ಬಿಲ್ ಕಟ್ಟಿ, ಕೀ ಕೊಟ್ಟು ಬಂದು ಹತ್ತು ದಿನಕ್ಕೆ ನನ್ನ ಖಾತೆಗೆ 83,000 ರೂಪಾಯಿ ಬಂತು. 2018ರ ಜೂನ್‌ನಲ್ಲಿ ನಾನು ಕೊಟ್ಟಿದ್ದ ಅಡ್ವಾನ್ಸ್ 1,60,000. ಆಗಿನ ಬಾಡಿಗೆ 16,000, ಅದರ ಹತ್ತು ಪಟ್ಟು. ಅದರಲ್ಲಿ 60,000 ರೂಪಾಯಿ ತಿಪಟೂರಿನಲ್ಲಿ ಅಮ್ಮ ಬಳೆ ಅಡವಿಟ್ಟು ಕೊಟ್ಟಿದ್ದು.

ಓನರ್‌ಗೆ ಫೋನ್ ಮಾಡಿದೆ. "ಲೆಕ್ಕ ಇದೆಯಮ್ಮ, ವಾಟ್ಸಾಪ್‌ನಲ್ಲಿ ಹಾಕ್ತೀನಿ" ಅಂದರು. ರಾತ್ರಿ ಬಂತು. ಪೇಂಟಿಂಗ್ 42,000. ಕ್ಲೀನಿಂಗ್ 6,500. ಹೊಸ ಗೀಸರ್ 9,500. ಬಚ್ಚಲುಮನೆ ಬಾಗಿಲು 7,000. ಗೋಡೆಯ ಮೊಳೆ ತೂತು ಮುಚ್ಚಿಸಿದ್ದಕ್ಕೆ 4,000. ಅಡುಗೆಕಟ್ಟೆಯ ಗ್ರಾನೈಟ್ 8,000. ಒಟ್ಟು 77,000. ಯಾವುದಕ್ಕೂ ಬಿಲ್ ಇರಲಿಲ್ಲ.

"ಐದು ವರ್ಷ ಇದ್ದ ಮನೆ, ಜಗಳ ಬೇಡ ಕಣೇ" ಅಂದರು ಅಮ್ಮ. ಅವರ ಬಳೆ ಬಿಡಿಸಲು ಆ ಹಣವನ್ನೇ ನಂಬಿಕೊಂಡಿದ್ದ ನನಗೆ ಹಾಗೆ ಬಿಡಲು ಆಗಲಿಲ್ಲ. ಆದರೆ ಫೋನ್‌ನಲ್ಲಿ ಮಾತಾಡಿದರೆ ದನಿ ಏರುತ್ತದೆ, ಲೆಕ್ಕ ಹಿಂದೆ ಉಳಿಯುತ್ತದೆ. ಏನಿದ್ದರೂ ಬರೆದೇ ಕೇಳಬೇಕೆಂದು ಅವತ್ತೇ ನಿರ್ಧರಿಸಿದೆ.

ಮೊದಲು ಅಗ್ರಿಮೆಂಟ್ ತೆಗೆದೆ. ಸಹಿ ಹಾಕಿದ ದಿನ ಓದಿರದ ಸಾಲೊಂದು ಅದರಲ್ಲಿತ್ತು: ಮನೆ ಖಾಲಿ ಮಾಡುವಾಗ ಸುಣ್ಣಬಣ್ಣ ಮತ್ತು ಸ್ವಚ್ಛತೆಗಾಗಿ ಒಂದು ತಿಂಗಳ ಬಾಡಿಗೆಯನ್ನು ಠೇವಣಿಯಲ್ಲಿ ಮುರಿದುಕೊಳ್ಳತಕ್ಕದ್ದು. ಕೊನೆಯ ಬಾಡಿಗೆ 19,000. ಹಾಗಾದರೆ ಪೇಂಟಿಂಗ್, ಕ್ಲೀನಿಂಗ್ ಎರಡೂ ಸೇರಿ 19,000ಕ್ಕೆ ಮುಗಿಯಬೇಕು. ಅವರು ಹಾಕಿದ್ದು 48,500. ಐದು ವರ್ಷವಾದ ಗೋಡೆಗೆ ಯಾರಿದ್ದರೂ ಬಣ್ಣ ಹೊಡೆಸಲೇಬೇಕು, ಬೆಂಗಳೂರಿನ ಈ ಒಂದು ತಿಂಗಳ ಪದ್ಧತಿಯೇ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಆದರೂ ಒಪ್ಪಿ ಸಹಿ ಹಾಕಿದ್ದೆ, ಅದನ್ನು ಪ್ರಶ್ನಿಸಲು ಹೋಗಲಿಲ್ಲ.

"ಆ ಅಗ್ರಿಮೆಂಟ್ ಮುಗಿದು ಎಷ್ಟೋ ವರ್ಷ ಆಯ್ತಲ್ಲಮ್ಮ" ಎಂದು ಓನರ್ ಆಮೇಲೆ ವಾದಿಸಿದರು. ನಿಜ, ಹನ್ನೊಂದು ತಿಂಗಳ ಕರಾರನ್ನು ಒಮ್ಮೆ ಮಾತ್ರ ಹೊಸದು ಮಾಡಿದ್ದೆವು. ಅವಧಿ ಮುಗಿದ ಮೇಲೂ ಬಾಡಿಗೆದಾರ ಮನೆಯಲ್ಲಿದ್ದು, ಮಾಲೀಕ ಬಾಡಿಗೆ ಪಡೆಯುತ್ತಾ ಬಂದರೆ ಬಾಡಿಗೆ ಸಂಬಂಧ ತಿಂಗಳಿಂದ ತಿಂಗಳಿಗೆ ಮುಂದುವರಿಯುತ್ತದೆ ಎನ್ನುತ್ತದೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 116ನೇ ಕಲಂ. ಅದೇ ಕರಾರಿನ ಪ್ರಕಾರ ಅವರು ಬಾಡಿಗೆ ಏರಿಸುತ್ತಲೇ ಇದ್ದರು. ಹಾಗಿದ್ದಾಗ ಪೇಂಟಿಂಗ್ ಸಾಲು ಮಾತ್ರ ಸತ್ತುಹೋಗುವುದು ಹೇಗೆ?

ನನಗೆ ಬಲ ಕೊಟ್ಟದ್ದು ಅದೇ ಕಾಯ್ದೆಯ 108ನೇ ಕಲಂ. ಬಾಡಿಗೆದಾರ ಮನೆಯನ್ನು ತಾನು ಪಡೆದ ಸ್ಥಿತಿಯಲ್ಲೇ ಒಪ್ಪಿಸಬೇಕು, ಆದರೆ ಸಹಜ ಬಳಕೆಯಿಂದ ಆದ ಸವೆತಕ್ಕೆ ಅವನು ಹೊಣೆಯಲ್ಲ. ಮನೆ ಹಳೆಯದಾಗುವುದು ಬೇರೆ, ಮನೆ ಹಾಳು ಮಾಡುವುದು ಬೇರೆ. ಪಟ್ಟಿಯ ಒಂದೊಂದು ಬಾಬ್ತನ್ನೂ ಈ ಒಂದೇ ಪ್ರಶ್ನೆ ಇಟ್ಟು ನೋಡಿದೆ. (1999ರ ಕರ್ನಾಟಕ ಬಾಡಿಗೆ ಕಾಯ್ದೆಯನ್ನೂ ತಿರುವಿ ಹಾಕಿದೆ. ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ಮನೆಗಳಿಗೆ ಅದು ಅನ್ವಯಿಸುವುದಿಲ್ಲ. 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ಪಡೆಯಬಾರದೆಂದು ಇದೆ. ಅದು ಕೇಂದ್ರ ರೂಪಿಸಿದ ಮಾದರಿ, ರಾಜ್ಯ ಅಳವಡಿಸಿಕೊಂಡರೆ ಮಾತ್ರ ಪ್ರಯೋಜನ.)

ಗ್ರಾನೈಟ್ ಒಡೆದದ್ದು ನಾನೇ. ತುಂಬಿದ ಕುಕ್ಕರ್ ಕೈಜಾರಿ ಕಟ್ಟೆಯ ಅಂಚು ಸಿಡಿದಿತ್ತು. ಅದನ್ನು ಒಪ್ಪಿಕೊಂಡರೆ ಉಳಿದದ್ದರಲ್ಲೂ ಸಡಿಲ ಬೀಳುತ್ತೇನೇನೋ ಎಂಬ ಅಳುಕಿತ್ತು. ಆದರೂ ಪತ್ರದ ಮೊದಲ ಸಾಲಲ್ಲೇ ಒಪ್ಪಿಕೊಂಡೆ, ಗ್ರಾನೈಟ್ ಕೆಲಸದವರೊಬ್ಬರಿಗೆ ಫೋಟೊ ತೋರಿಸಿ ಬರೆಸಿಕೊಂಡ 4,500 ರೂಪಾಯಿಯ ಕೊಟೇಶನ್ ಲಗತ್ತಿಸಿದೆ.

ಗೀಸರ್ ವಿಷಯಕ್ಕೆ ಅವರದೇ ಮೆಸೇಜ್ ಸಿಕ್ಕಿತು. 2020ರಲ್ಲಿ ಗೀಸರ್ ಸೋರುತ್ತಿದೆ ಎಂದು ನಾನು ಬರೆದಾಗ ಅವರು "ಹಳೇದಮ್ಮ, ಹನ್ನೊಂದು ವರ್ಷ ಆಯ್ತು, ಪ್ಲಂಬರ್ ಕಳಿಸ್ತೀನಿ" ಎಂದು ಉತ್ತರಿಸಿದ್ದರು. ಅಲ್ಲಿ ಬರುತ್ತಿದ್ದದ್ದು ಬೋರ್‌ವೆಲ್ ನೀರು, ನಲ್ಲಿಯ ಬಾಯಿಗೆಲ್ಲ ಬಿಳಿ ಉಪ್ಪು ಕಟ್ಟುತ್ತಿತ್ತು. ಆ ನೀರಿಗೆ ಗೀಸರ್ ಒಳಗಿನ ಕಾಯಿಲ್ ಎಷ್ಟು ದಿನ ತಡೆದೀತು? ಹದಿನಾಲ್ಕು ವರ್ಷದ ಗೀಸರ್‌ಗೆ ಬದಲಾಗಿ ಹೊಸದರ ಬೆಲೆ ಕೇಳುವುದು ಯಾವ ಲೆಕ್ಕದಲ್ಲೂ ನ್ಯಾಯವಲ್ಲ.

ಬಾಗಿಲು ಮತ್ತು ಮೊಳೆಗಳಿಗೆ ಸಾಕ್ಷಿ ಇರಲಿಲ್ಲ. ಮನೆಗೆ ಬರುವಾಗ ಫೋಟೊ ತೆಗೆದಿಟ್ಟುಕೊಳ್ಳಬೇಕೆಂಬುದು ನನಗೆ ಹೊಳೆದೇ ಇರಲಿಲ್ಲ. ತಮ್ಮನಿಗೆ ಹೇಳಿದಾಗ ಅವನು "ಅಕ್ಕಾ, ಹಾಲು ಉಕ್ಕಿಸಿದ ದಿನ ಅಜ್ಜಿಗೆ ವಿಡಿಯೊ ಕಳಿಸಿದ್ದೆನಲ್ಲ" ಅಂದ. ಫ್ಯಾಮಿಲಿ ಗ್ರೂಪ್‌ನಲ್ಲಿ ಅದು ಇನ್ನೂ ಇತ್ತು, ತಾರೀಖಿನ ಸಮೇತ. ಮೂರು ನಿಮಿಷದ ವಿಡಿಯೊ. ಒಲೆಯ ಮೇಲೆ ಹಾಲು ಉಕ್ಕುತ್ತದೆ, ಅಮ್ಮ ಕೈ ಮುಗಿಯುತ್ತಾರೆ, ತಮ್ಮ ಖಾಲಿ ಕೋಣೆಗಳನ್ನೆಲ್ಲ ಸುತ್ತಿ ಬರುತ್ತಾನೆ. ಹಾಲ್‌ನ ಗೋಡೆಯಲ್ಲಿ ಹಿಂದಿನವರ ಮೊಳೆಗಳು ಸಾಲಾಗಿ ಕಾಣುತ್ತವೆ. ಬಚ್ಚಲುಮನೆ ಬಾಗಿಲ ಬುಡ ಆಗಲೇ ಉಬ್ಬಿತ್ತು. ಅಜ್ಜಿ ಈಗಿಲ್ಲ. ಅವರಿಗೆಂದು ತೆಗೆದ ವಿಡಿಯೊ ನೋಡುತ್ತಾ ಅವತ್ತು ನಾನು ಬಹಳ ಹೊತ್ತು ಕೂತಿದ್ದೆ.

ಒಂದೂವರೆ ಪುಟದ ಪತ್ರವಾಯಿತು. ಪ್ರತಿ ಬಾಬ್ತಿಗೆ ಅವರು ಮುರಿದದ್ದೆಷ್ಟು, ನಾನು ಒಪ್ಪುವುದೆಷ್ಟು, ಕಾರಣವೇನು ಎಂದು ಬರೆದೆ. ನನ್ನ ಲೆಕ್ಕದಲ್ಲಿ ಮುರಿಯಬಹುದಾದದ್ದು 23,500, ಬರಬೇಕಾದ ಬಾಕಿ 53,500. ಬಿಲ್‌ಗಳಿದ್ದರೆ ಕೊಡಿ, ನೋಡಿ ಬದಲಿಸಿಕೊಳ್ಳುತ್ತೇನೆ ಎಂದೂ ಸೇರಿಸಿ, ಹದಿನೈದು ದಿನ ಗಡುವು ಕೊಟ್ಟು ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಳಿಸಿದೆ. ಅಕ್ನಾಲೆಜ್‌ಮೆಂಟ್ ಕಾರ್ಡ್ ವಾಪಸ್ ಬಂತು, ಉತ್ತರ ಬರಲಿಲ್ಲ. ವಕೀಲರ ಮೂಲಕ ನೋಟಿಸ್ ಕೊಡಿಸಿದೆ. ಅದಕ್ಕೂ ಉತ್ತರವಿಲ್ಲ.

ಸ್ಟೇಷನ್‌ಗೆ ಹೋಗು ಎಂದು ಆಫೀಸಿನಲ್ಲಿ ಕೆಲವರು ಹೇಳಿದರು. ಇದು ಸಿವಿಲ್ ವ್ಯಾಜ್ಯ, ಪೊಲೀಸರಿಂದ ಹೆದರಿಸುವ ದಾರಿ ನನಗೆ ಬೇಕಿರಲಿಲ್ಲ. ಬಾಕಿ ಹಣಕ್ಕೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷ ಕಾಲಾವಕಾಶ ಇರುತ್ತದೆ, ಹಾಗಾಗಿ ಕೋರ್ಟಿಗೆ ಓಡುವ ಅವಸರವೂ ಇರಲಿಲ್ಲ. ಆ ವಕೀಲರೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ದಾರಿ ತೋರಿಸಿದರು. ಕೇಸು ದಾಖಲಾಗುವ ಮೊದಲೇ ಅಲ್ಲಿ ರಾಜಿಗೆ ಅರ್ಜಿ ಹಾಕಬಹುದು. ನಾನು ಶುಲ್ಕವೇನೂ ಕಟ್ಟಲಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಯರಿಗೆ ಉಚಿತ ಕಾನೂನು ನೆರವು ಪಡೆಯುವ ಹಕ್ಕೂ ಇದೆ. ಪತ್ರ, ಅಗ್ರಿಮೆಂಟ್, ಮೆಸೇಜ್‌ಗಳ ಪ್ರಿಂಟ್ ಲಗತ್ತಿಸಿ ಅರ್ಜಿ ಕೊಟ್ಟೆ. ಓನರ್‌ಗೆ ಅಲ್ಲಿಂದ ನೋಟಿಸ್ ಹೋಯಿತು.

ಎರಡನೇ ಬಾರಿ ಕರೆದಾಗ ಓನರ್ ಬಂದರು, ಜೊತೆಗೆ ಅವರ ಹೆಂಡತಿ, ಆಂಟಿಯೂ. ನನ್ನ ಪಟ್ಟಿಯ ಪ್ರಕಾರವೇ ಒಂದೊಂದಾಗಿ ಮಾತಾಯಿತು. ಗ್ರಾನೈಟ್ ನಾನೇ ಒಡೆದದ್ದು ಎಂದಾಗ ಆಂಟಿ ಮೊದಲ ಸಲ ನನ್ನ ಮುಖ ನೋಡಿದರು. ಅಲ್ಲಿಂದ ಮಾತಿನ ಧಾಟಿಯೇ ಬದಲಾಯಿತು. ಪೇಂಟಿಂಗ್, ಕ್ಲೀನಿಂಗ್ ಸೇರಿ 19,000 ಎಂದು ಓನರ್ ಒಪ್ಪಿದರು. ಗ್ರಾನೈಟ್ ಮಾಡಿಸಿದ ಬಿಲ್ ತಂದಿದ್ದರು, 6,000 ಇತ್ತು, ನಾನು ಒಪ್ಪಿದೆ. ಬಾಗಿಲು ನನ್ನ ಕಾಲದಲ್ಲಿ ಇನ್ನಷ್ಟು ಕೊಳೆತದ್ದೂ ನಿಜ, ಅದರಲ್ಲಿ ಅರ್ಧ, 3,500. ಗೀಸರ್ ಮತ್ತು ಮೊಳೆ ಬಿಟ್ಟರು. ಒಟ್ಟು 28,500. ನನಗೆ ಬರಬೇಕಾದದ್ದು 48,500.

ರಾಜಿ ಪತ್ರದಲ್ಲಿ ಹಣ ಕೊಡುವ ತಾರೀಖು ಬರೆಸಿದೆ. ಅದರ ಮೇಲೆ ಲೋಕ ಅದಾಲತ್ ಅವಾರ್ಡ್, ಅಂದರೆ ರಾಜಿಯ ಆದೇಶ, ಆಯಿತು. ಅದಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬೆಲೆ, ಮೇಲ್ಮನವಿ ಇಲ್ಲ. ಒಪ್ಪದಿದ್ದರೆ ದಾವೆಯೇ ಹೂಡಬೇಕಿತ್ತು, ಅದಕ್ಕೂ ಇವೇ ಕಾಗದಗಳು ಬೇಕಾಗುತ್ತಿದ್ದವು. ಹಣ ಗಡುವಿಗೆ ಮೂರು ದಿನ ಮೊದಲೇ ಬಂತು. ಆ ಶನಿವಾರವೇ ತಿಪಟೂರಿಗೆ ಹೋಗಿ ಅಮ್ಮನ ಬಳೆ ಬಿಡಿಸಿಕೊಟ್ಟೆ.

ಈಗಿನ ಮನೆಯ ಅಗ್ರಿಮೆಂಟ್‌ಗೆ ಒಂದು ಹಾಳೆ ಹೆಚ್ಚುವರಿ ಇದೆ. ಪ್ರತಿ ಕೋಣೆಯಲ್ಲಿ ಏನೇನಿದೆ, ಯಾವುದು ಎಷ್ಟು ಹಳೆಯದು ಎಂಬ ಪಟ್ಟಿ, ಕೆಳಗೆ ಇಬ್ಬರ ಸಹಿ. ಖಾಲಿ ಮಾಡುವಾಗ ಬಿಲ್ ಇಲ್ಲದೆ ಏನನ್ನೂ ಮುರಿಯುವಂತಿಲ್ಲ ಎಂದೂ ಬರೆಸಿದ್ದೇನೆ. ಹೊಸ ಓನರ್ ಬೇಸರ ಮಾಡಿಕೊಳ್ಳುತ್ತಾರೇನೋ ಅಂದುಕೊಂಡಿದ್ದೆ. ಅವರು ಪಟ್ಟಿಯನ್ನು ಎರಡು ಸಲ ಓದಿ, ಪೆನ್ ಇಸಿದುಕೊಂಡು, ಅಡುಗೆಮನೆ ಕಿಟಕಿಯ ಒಂದು ಗಾಜು ಬಿರುಕು ಬಿಟ್ಟಿದೆ ಎಂದು ತಾವೇ ಸೇರಿಸಿದರು.