‘ಡಿಸ್ಕಸ್ ಅಬೌಟ್’ ನನ್ನ ಬಾಯಿಂದ ಹೋಗಿದ್ದು ಹೇಗೆ

ನಾನು ಹತ್ತನೇ ಕ್ಲಾಸಿನವರೆಗೂ ಓದಿದ್ದು ಕನ್ನಡ ಮೀಡಿಯಂನಲ್ಲಿ. ಇಂಗ್ಲಿಷಿನಲ್ಲಿ ನನಗೆ ಜಾಸ್ತಿ ಕಾಟ ಕೊಟ್ಟಿದ್ದು ಟೆನ್ಸ್ ಅಲ್ಲ, ಸ್ಪೆಲ್ಲಿಂಗೂ ಅಲ್ಲ. ಕ್ರಿಯಾಪದ ಆದಮೇಲೆ ಟು, ಫಾರ್, ಅಬೌಟ್ ಯಾವುದನ್ನು ಹಾಕಬೇಕು, ಎಲ್ಲಿ ಏನೂ ಹಾಕಬಾರದು ಅನ್ನೋದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ‘ವಿ ವಿಲ್ ಡಿಸ್ಕಸ್ ಅಬೌಟ್ ದಿ ಬಜೆಟ್’ ಅಂತ ಒಂದು ಮೇಲ್ ಬರೆದಿದ್ದೆ. ಸೀನಿಯರ್ ಒಬ್ಬರು ನೋಡಿ, “ಆ ಅಬೌಟ್ ತೆಗೆದುಬಿಡಿ” ಅಂದರು. ಯಾಕೆ ಸರ್ ಅಂತ ಕೇಳಿದೆ. “ಹಾಗೆ ಬರಲ್ಲ, ಅಷ್ಟೇ” ಅಂದರು.

ಕಾರಣ ಸಿಕ್ಕಿದ್ದು ನನ್ನದೇ ಕನ್ನಡದಲ್ಲಿ. ನಾವು ದಿನಾ ‘ಬಜೆಟ್ ಬಗ್ಗೆ ಡಿಸ್ಕಸ್ ಮಾಡೋಣ’ ಅಂತೀವಿ, ಅಲ್ವಾ? ಇಂಗ್ಲಿಷ್ ಪದಕ್ಕೆ ‘ಮಾಡು’ ಸೇರಿಸಿದ ಕೂಡಲೇ ಅದು ನಮ್ಮದಾಗುತ್ತೆ, ನಮ್ಮ ಬಗ್ಗೆ, ಗೆ, ಅನ್ನು ಎಲ್ಲ ಅದಕ್ಕೆ ಅಂಟಿಕೊಳ್ಳುತ್ತೆ, ಆಮೇಲೆ ಇಂಗ್ಲಿಷ್ ಮಾತಾಡುವಾಗ ಆ ‘ಬಗ್ಗೆ’ಯೇ ಅಬೌಟ್ ಆಗಿ ಹೊರಗೆ ಬರುತ್ತೆ. ‘ಲಿಸನ್’ ವಿಷಯದಲ್ಲಿ ಇದೇ ಉಲ್ಟಾ. ‘ಹಾಡು ಕೇಳ್ತಿದೀನಿ’ ಅನ್ನುವಾಗ ಹಾಡಿಗೆ ಯಾವ ಪ್ರತ್ಯಯವೂ ಇಲ್ಲ. ಹಾಗಾಗಿ ‘ಲಿಸನಿಂಗ್ ಮ್ಯೂಸಿಕ್’ ಅಂತ ಹೇಳಿಬಿಡ್ತಿದ್ದೆ, ನಡುವಿನ ಟು ನೆನಪೇ ಆಗ್ತಿರಲಿಲ್ಲ.

‘ಗೆ’ ಬಂದ ಕಡೆಯೆಲ್ಲ ಟು ಹಾಕಿದರೆ ಸರಿಹೋಗಬಹುದು ಅಂತ ಸ್ವಲ್ಪ ದಿನ ನೋಡಿದೆ. ಆಗಲಿಲ್ಲ. ‘ನನಗೆ ಹೇಳಿ’ ಅಂದರೆ ಟೆಲ್ ಮಿ, ಟು ಬೇಡ. ‘ನನಗೆ ವಿವರಿಸಿ’ ಅಂದರೆ ಎಕ್ಸ್‌ಪ್ಲೇನ್ ಇಟ್ ಟು ಮಿ, ಟು ಬೇಕೇ ಬೇಕು. ‘ಗೆ’ ಎರಡರಲ್ಲೂ ಒಂದೇ.

ಆಮೇಲೆ ಕಲಿಯುವವರಿಗಾಗಿಯೇ ಮಾಡಿದ ಆಕ್ಸ್‌ಫರ್ಡ್ ನಿಘಂಟು ತಗೊಂಡೆ. ಜಪಾನಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದ ಎ. ಎಸ್. ಹಾರ್ನ್‌ಬಿ ಇನ್ನಿಬ್ಬರ ಜೊತೆ ಸೇರಿ ಮಾಡಿದ ನಿಘಂಟು 1942ರಲ್ಲಿ ಟೋಕಿಯೋದಲ್ಲಿ ಬಂತು, ಅದೇ ಇದರ ಮೂಲ. ಹೊರಗಿನವರಿಗೆ ಎಲ್ಲಿ ಕಷ್ಟ ಆಗುತ್ತೆ ಅಂತ ಗೊತ್ತಿದ್ದವರ ಕೆಲಸ. ಅದರಲ್ಲಿ ಅರ್ಥದ ಜೊತೆಗೆ ‘ಎಕ್ಸ್‌ಪ್ಲೇನ್ ಎಸ್‌ಟಿಎಚ್ ಟು ಎಸ್‌ಬಿ’ ಅಂತ ಪದದ ಜಾಡೂ ಇರುತ್ತೆ. ಎಸ್‌ಟಿಎಚ್ ಅಂದರೆ ಸಮ್‌ಥಿಂಗ್, ಎಸ್‌ಬಿ ಅಂದರೆ ಸಮ್‌ಬಡಿ. ಮೊದಲೆಲ್ಲ ಇದನ್ನು ಸುಮ್ನೆ ದಾಟಿ ಹೋಗ್ತಿದ್ದೆ. ಈಗ ಅರ್ಥಕ್ಕಿಂತ ಮೊದಲು ಅದನ್ನೇ ನೋಡ್ತೀನಿ.

ಒಂದು ನೂರು ಪುಟದ ನೋಟ್‌ಬುಕ್ ಇಟ್ಟೆ. ಬರೀ ‘ವೇಟ್’ ಅಂತ ಬರೆಯುವುದಿಲ್ಲ, ‘ವೇಟ್ ಫಾರ್ ದಿ ಬಸ್’ ಅಂತ ಪೂರ್ತಿ ಬರೆದು ಮೂರು ಸಲ ಜೋರಾಗಿ ಹೇಳ್ತೀನಿ. ‘ರೀಚ್ ಮೈಸೂರು’, ಆದರೆ ‘ಅರೈವ್ ಇನ್ ಮೈಸೂರು’. ಎರಡನ್ನೂ ಅಕ್ಕಪಕ್ಕ ಬರೆದದ್ದರಿಂದ ಮನಸ್ಸಿನಲ್ಲಿ ಕೂತಿತು.

ನನಗೆ ತುಂಬಾ ತೊಂದರೆ ಆಗಿದ್ದು ಇನ್ನೊಂದು ಕಡೆ. ‘ಬಸ್ಸಿಗೆ ಕಾಯುತ್ತಿದ್ದೆ’ ಅನ್ನುವಲ್ಲಿ ‘ಗೆ’ ಇದೆ. ಅದನ್ನೇ ತಿರುಗಿಸಿ ‘ನಾನು ಕಾಯುತ್ತಿದ್ದ ಬಸ್ಸು’ ಅಂದರೆ ‘ಗೆ’ ಎಲ್ಲಿ ಹೋಯ್ತು? ಕನ್ನಡದಲ್ಲಿ ಅದು ಬಿಟ್ಟುಹೋಗುತ್ತೆ, ಯಾರಿಗೂ ಕೊರತೆ ಅನಿಸಲ್ಲ. ಇಂಗ್ಲಿಷ್ ಬಿಡಲ್ಲ. ‘ದಿ ಬಸ್ ಐ ವಾಸ್ ವೇಟಿಂಗ್ ಫಾರ್’, ‘ದಿ ಹೌಸ್ ಐ ಲಿವ್ ಇನ್’ ಅಂತ ಕೊನೆಯಲ್ಲಿ ಇರಲೇಬೇಕು. ಇದಕ್ಕೆ ನಾನು ಮಾಡುವುದು ಇಷ್ಟೇ. ಮೊದಲು ಮನಸ್ಸಿನಲ್ಲಿ ‘ಐ ಲಿವ್ ಇನ್ ದಿ ಹೌಸ್’ ಅಂತ ನೇರವಾಗಿ ಹೇಳಿಕೊಳ್ತೀನಿ, ಅಲ್ಲಿ ಇನ್ ಇದ್ದರೆ ತಿರುಗಿಸಿದಾಗಲೂ ಇಟ್ಟುಕೊಳ್ತೀನಿ.

ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ನಾಮಪದ ಆದಾಗ ಒಂದು ಥರ, ಕ್ರಿಯಾಪದ ಆದಾಗ ಇನ್ನೊಂದು ಥರ ಆಗುವ ಪದಗಳಿವೆ. ‘ಎ ಡಿಸ್ಕಶನ್ ಅಬೌಟ್ ದಿ ಬಜೆಟ್’ ಸರಿ, ಕ್ರಿಯಾಪದಕ್ಕೆ ಮಾತ್ರ ಅಬೌಟ್ ಬೇಡ. ‘ಎ ರಿಕ್ವೆಸ್ಟ್ ಫಾರ್ ಲೀವ್’ ಸರಿ, ಕ್ರಿಯಾಪದವಾದರೆ ಬರೀ ‘ರಿಕ್ವೆಸ್ಟ್ ಲೀವ್’. ಕಳೆದ ವಾರ ಅಲ್ಲಿಗೆ ಸೇರಿದ್ದು ಲ್ಯಾಕ್: ‘ಎ ಲ್ಯಾಕ್ ಆಫ್ ವಾಟರ್’, ‘ದೆ ಲ್ಯಾಕ್ ವಾಟರ್’.